ಎಚ್‌ಐವಿ ಆರೈಕೆಯಲ್ಲಿ ಪುನಶ್ಚೇತನ

ಎಚ್‌ಐವಿ ಸೋಂಕಿತರು ದಿನನಿತ್ಯದ ಕೆಲಸಕಾರ್ಯಗಳಿಗೆ ಮರಳಲು ನೀಡುವ ಫಿಸಿಯೋಥೆರಪಿ, ಆಪ್ತಸಮಾಲೋಚನೆ, ಉದ್ಯೋಗದ ನೆರವುಗಳ ಒಟ್ಟು ಹೆಸರು ಪುನಶ್ಚೇತನ. ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆಗಳ, ಅಂದರೆ ಎಆರ್‌ಟಿಯ, ಸರ್ಕಾರಿ ಉಚಿತ ಚಿಕಿತ್ಸೆ 2004ರ ಏಪ್ರಿಲ್ 1ರಂದು ಆರಂಭವಾದಾಗ ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಮಾತ್ರೆ ಜೀವ ಉಳಿಸಿತು. ಉಳಿದ ಜೀವದ ತೊಂದರೆಗಳೆಲ್ಲ ಅದರಿಂದ ನೀಗಲಿಲ್ಲ. ವೈರಸ್ಸಿನಿಂದಲೂ, ಆರಂಭದ ವರ್ಷಗಳಲ್ಲಿ ಹೆಚ್ಚಾಗಿ ಕೊಡುತ್ತಿದ್ದ ಸ್ಟಾವುಡಿನ್ ಎಂಬ ಮಾತ್ರೆಯಿಂದಲೂ ನರಗಳಿಗೆ ಪೆಟ್ಟು ಬಿದ್ದು ಪಾದ ಉರಿಯುತ್ತದೆ, ಜೋಮುಗಟ್ಟುತ್ತದೆ. ಕಾಲಿನಿಂದ ಚಪ್ಪಲಿ ಜಾರಿದ್ದೂ ತಿಳಿಯದು. ಬೆಂಗಳೂರಿನ ಗಾಂಧಿಬಜಾರಿನಲ್ಲೋ ಮಲ್ಲೇಶ್ವರದ 8ನೇ ಅಡ್ಡರಸ್ತೆಯಲ್ಲೋ ದಿನವಿಡೀ ನಿಂತು ವ್ಯಾಪಾರ ಮಾಡುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ವೈರಸ್ ಹತೋಟಿಯಲ್ಲಿದೆ ಎನ್ನುವ ರಕ್ತಪರೀಕ್ಷೆಯ ವರದಿಯಲ್ಲಿ ಈ ಕಷ್ಟ ಕಾಣುವುದಿಲ್ಲ.

ಹಣವೆಲ್ಲ ಔಷಧಕ್ಕೇ ಸಲ್ಲಲಿ ಎಂಬ ಆಕ್ಷೇಪ ಹಗುರವಾದದ್ದಲ್ಲ, ಮಾತ್ರೆ ತಪ್ಪಿದರೆ ಮಿಕ್ಕಿದ್ದೆಲ್ಲ ವ್ಯರ್ಥವೇ. ಆದರೆ ನಡಿಗೆಗೆ, ಸ್ನಾಯುಬಲದ ವ್ಯಾಯಾಮಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಆರೋಗ್ಯ ಸ್ಥಿರವಾಗಿರುವ ಸೋಂಕಿತರಿಗೆ ಅವು ಸುರಕ್ಷಿತವೆಂದು ಅಧ್ಯಯನಗಳು ತೋರಿಸಿವೆ. ಪ್ರತ್ಯೇಕ ಕೇಂದ್ರದ ಬಾಗಿಲು ಹೊಕ್ಕರೆ ಗುಟ್ಟು ರಟ್ಟಾದೀತೆಂಬ ಅಂಜಿಕೆ ಇನ್ನೂ ಗಂಭೀರ. ಆದ್ದರಿಂದಲೇ ಚಾಮರಾಜಪೇಟೆಗೆ ಹತ್ತಿರದ ವಿಕ್ಟೋರಿಯಾ, ಮಲ್ಲೇಶ್ವರದ ಕೆ.ಸಿ. ಜನರಲ್‌ನಂಥ ಆಸ್ಪತ್ರೆಗಳಲ್ಲಿ ಮಂಡಿನೋವಿನವರು ಕೂರುವ ಬೆಂಚಿನಲ್ಲೇ ಇವರಿಗೂ ಜಾಗ ಸಿಗಬೇಕು. ಇದಕ್ಕೆ ಕಾನೂನಿನ ಆಸರೆಯೂ ಇದೆ: 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಚಿಕಿತ್ಸೆಯಲ್ಲೂ ಉದ್ಯೋಗದಲ್ಲೂ ತಾರತಮ್ಯವನ್ನು ನಿಷೇಧಿಸಿದೆ.