ರಾಯಚೂರು ಲೋಕಸಭಾ ಕ್ಷೇತ್ರ

ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ ಒಂದು. ಪರಿಶಿಷ್ಟ ಪಂಗಡಕ್ಕೆ ಮೀಸಲು. ಕ್ಷೇತ್ರ ಕೃಷ್ಣಾ ನದಿಯ ಎರಡೂ ದಡಗಳಿಗೆ ಹಬ್ಬಿದೆ. ಹಳಬರು ಎಡೆದೊರೆ ನಾಡು ಎನ್ನುತ್ತಿದ್ದ ಕೃಷ್ಣಾ-ತುಂಗಭದ್ರೆಗಳ ನಡುವಣ ಸೀಮೆಯಲ್ಲಿ ರಾಯಚೂರು, ರಾಯಚೂರು ಗ್ರಾಮಾಂತರ, ಮಾನ್ವಿ, ದೇವದುರ್ಗ ಮತ್ತು ಲಿಂಗಸುಗೂರು ವಿಧಾನಸಭಾ ಕ್ಷೇತ್ರಗಳಿವೆ. ಹೊಳೆಯಾಚೆ ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ, ಯಾದಗಿರಿ ಇವೆ. ರಾಯಚೂರು ಜಿಲ್ಲೆಗೇ ಸೇರಿದ ಸಿಂಧನೂರು ಮತ್ತು ಮಸ್ಕಿ ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿವೆ; ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಲಬುರಗಿಯಲ್ಲಿದೆ. ಜಿಲ್ಲೆಯ ಮತವನ್ನೇ ಕ್ಷೇತ್ರದ ಮತವೆಂದು ಓದಿದರೆ ಲೆಕ್ಕ ತಪ್ಪುತ್ತದೆ.

ಕ್ಷೇತ್ರದ ಚರಿತ್ರೆಯನ್ನು ಎಲ್ಲಿಂದ ಆರಂಭಿಸಬೇಕು ಎಂಬಲ್ಲಿಯೇ ಮೊದಲ ಗೊಂದಲ. 1951–52ರ ಮೊದಲ ಮಹಾಚುನಾವಣೆಯಲ್ಲಿ ರಾಯಚೂರು ಎಂಬ ಹೆಸರಿನ ಲೋಕಸಭಾ ಕ್ಷೇತ್ರವೇ ಇರಲಿಲ್ಲ. ಈ ಸೀಮೆ ಆಗ ಹೈದರಾಬಾದ್ ರಾಜ್ಯದಲ್ಲಿತ್ತು. ಸುತ್ತಮುತ್ತ ಇದ್ದ ಕ್ಷೇತ್ರಗಳು ಯಾದಗಿರಿ ಮತ್ತು ಕುಷ್ಟಗಿ. ಯಾದಗಿರಿಯಿಂದ ಕಾಂಗ್ರೆಸ್ಸಿನ ಕೃಷ್ಣಾಚಾರ್ಯ ಜೋಶಿ, ಕುಷ್ಟಗಿಯಿಂದ ಅಳವಂಡಿಯ ಶಿವಮೂರ್ತಿ ಸ್ವಾಮಿ ಗೆದ್ದರು. ಯಾದಗಿರಿಯ ಫಲಿತಾಂಶವನ್ನು ರಾಯಚೂರಿನ ಖಾತೆಗೆ ಬರೆದುಕೊಂಡರೆ ಚುನಾವಣೆಗಳ ಸಂಖ್ಯೆ ಒಂದು ಹೆಚ್ಚುತ್ತದೆ. 1956ರ ಭಾಷಾವಾರು ಪುನರ್‌ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಜಿಲ್ಲೆಯ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬ್‌ನಗರಕ್ಕೆ ಹೋದವು. ಹೀಗೆ ಬದಲಾದ ನಕ್ಷೆಯ ಮೇಲೆ 1957ರಲ್ಲಿ ನಡೆದ ಚುನಾವಣೆಯೇ ರಾಯಚೂರು ಹೆಸರಿನ ಮೊದಲ ಚುನಾವಣೆ. ಈ ಲೇಖನದ ಎಣಿಕೆ ಅಲ್ಲಿಂದ ಶುರುವಾಗುತ್ತದೆ.

ಅಂದು ಗೆದ್ದವರು ಕಾಂಗ್ರೆಸ್ಸಿನ ಡಾ. ಜಿ.ಎಸ್. ಮೇಲ್ಕೋಟೆ. ವೈದ್ಯರಾಗಿದ್ದ ಅವರು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಹೋರಾಟಗಾರರು. ಹೈದರಾಬಾದ್ ರಾಜ್ಯದ ಬೂರ್ಗುಲ ರಾಮಕೃಷ್ಣರಾವ್ ಅವರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದರು. ರಾಜ್ಯ ಒಡೆದು ಹೋದರೂ ಹಳೆಯ ಹೈದರಾಬಾದಿನ ರಾಜಕೀಯ ನಂಟು ಒಂದು ಅವಧಿಯ ಮಟ್ಟಿಗೆ ಇಲ್ಲಿ ಉಳಿದಿತ್ತು ಎಂಬುದಕ್ಕೆ ಅವರ ಆಯ್ಕೆಯೇ ಸಾಕ್ಷಿ. 1962ರಲ್ಲಿ ಅವರು ಹೈದರಾಬಾದ್ ನಗರಕ್ಕೆ ಮರಳಿ, ಅಲ್ಲಿಂದಲೇ ಸತತವಾಗಿ ಗೆದ್ದರು. ರಾಯಚೂರಿನಲ್ಲಿ ಅವರ ಜಾಗಕ್ಕೆ ಕಾಂಗ್ರೆಸ್ಸಿನ ಜಗನ್ನಾಥರಾವ್ ಚಂಡ್ರಕಿ ಬಂದರು.

1967ರಲ್ಲಿ ಕ್ಷೇತ್ರ ಮೊದಲ ಬಾರಿಗೆ ಕಾಂಗ್ರೆಸ್ಸಿನ ಕೈತಪ್ಪಿತು. ರಾಜಾಜಿ ಅವರ ಸ್ವತಂತ್ರ ಪಕ್ಷ ಆ ವರ್ಷ ಮೈಸೂರು ರಾಜ್ಯದಲ್ಲಿ ಗೆದ್ದ ಐದು ಸ್ಥಾನಗಳಲ್ಲಿ ರಾಯಚೂರೂ ಒಂದು. ಗೆದ್ದವರು ದಾಖಲೆಗಳಲ್ಲಿ ಆರ್.ವಿ. ನಾಯಕ್ ಎಂದಿರುವ ರಾಜಾ ವೆಂಕಟಪ್ಪ ನಾಯಕ. ಇದೇ ಹೆಸರಿನ ಇನ್ನಿಬ್ಬರು ಈ ಸೀಮೆಯ ಚರಿತ್ರೆಯಲ್ಲಿದ್ದಾರೆ. ಒಬ್ಬರು ಬ್ರಿಟಿಷರ ವಿರುದ್ಧ ಎದ್ದು 1858ರಲ್ಲಿ ಪ್ರಾಣ ಕಳೆದುಕೊಂಡ ಸುರಪುರದ ದೊರೆ. ಇನ್ನೊಬ್ಬರು 2009ರಲ್ಲಿ ಕಾಂಗ್ರೆಸ್ಸಿನಿಂದ ಲೋಕಸಭೆಗೆ ಸ್ಪರ್ಧಿಸಿ ಸೋತ, ಅನಂತರ ಸುರಪುರದ ಶಾಸಕರಾದವರು. ಹೆಸರಿನ ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. 1977ರ ವಿಜೇತರು ಒಂದು ಪಟ್ಟಿಯಲ್ಲಿ ರಾಜಶೇಖರ ಮಲ್ಲಪ್ಪ, ಲೋಕಸಭೆಯ ಕಡತದಲ್ಲಿ ರಾಜಶೇಖರ ಕೋಳೂರ, ವ್ಯಕ್ತಿ ಒಬ್ಬರೇ. 2009ರಲ್ಲಿ ಗೆದ್ದ ಸಣ್ಣ ಫಕೀರಪ್ಪ ಸಂಸತ್ತಿನ ದಾಖಲೆಯಲ್ಲಿ ಎಸ್. ಪಕ್ಕೀರಪ್ಪ ಆಗಿದ್ದಾರೆ.

1971ರಿಂದ 1984ರವರೆಗಿನ ಅವಧಿಯನ್ನು ಬೇಗ ಹೇಳಿ ಮುಗಿಸಬಹುದು. ಇಂದಿರಾ ಗಾಂಧಿ ಅಲೆಯ 1971ರಲ್ಲಿ ಪಂಪನಗೌಡ ಸಕ್ರೆಪ್ಪಗೌಡ, 1977ರಲ್ಲಿ ಕೋಳೂರ, 1980 ಮತ್ತು 1984ರಲ್ಲಿ ಬಿ.ವಿ. ದೇಸಾಯಿ, ಎಲ್ಲರೂ ಕಾಂಗ್ರೆಸ್ಸಿನವರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದ 1977ರಲ್ಲೂ ಕರ್ನಾಟಕ ಆ ಪಕ್ಷಕ್ಕೆ 28ರಲ್ಲಿ 26 ಸ್ಥಾನ ಕೊಟ್ಟಿತ್ತು; ರಾಯಚೂರು ಅದಕ್ಕೆ ಹೊರತಾಗಲಿಲ್ಲ.

ಕ್ಷೇತ್ರದ ನಿಜವಾದ ತಿರುವು 1989. ಮೀಸಲಾತಿ ಜಾರಿಯಾದ 2009ನ್ನು ತಿರುವೆಂದು ಗುರುತಿಸುವ ರೂಢಿ ಇದೆ; ಗೆದ್ದವರ ಹೆಸರುಗಳನ್ನು ಸಾಲಾಗಿ ಓದಿದರೆ ಆ ಮಾತು ನಿಲ್ಲುವುದಿಲ್ಲ. 1989ರಲ್ಲಿ ಕಾಂಗ್ರೆಸ್ಸಿನ ರಾಜಾ ಅಂಬಣ್ಣ ನಾಯಕ ದೊರೆ, 1991ರಲ್ಲಿ ದೇವದುರ್ಗ ತಾಲ್ಲೂಕಿನ ಅರಕೇರಾದ ಎ. ವೆಂಕಟೇಶ ನಾಯಕ, ಎಚ್.ಡಿ. ದೇವೇಗೌಡರು ಪ್ರಧಾನಿಯಾದ 1996ರಲ್ಲಿ ಜನತಾದಳದ ರಾಜಾ ರಂಗಪ್ಪ ನಾಯಕ, ಮತ್ತೆ 1998, 1999, 2004ರಲ್ಲಿ ವೆಂಕಟೇಶ ನಾಯಕ. ಸಾಮಾನ್ಯ ಕ್ಷೇತ್ರವಾಗಿದ್ದಾಗಲೇ ಸತತ ಆರು ಚುನಾವಣೆಗಳಲ್ಲಿ ನಾಯಕ ಸಮುದಾಯದವರೇ ಗೆದ್ದಿದ್ದರು. ನಾಯಕ್, ಬೇಡ, ಬೇಡರ್, ವಾಲ್ಮೀಕಿ ಎಂಬ ಪರ್ಯಾಯ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 1991ರಲ್ಲಿ. ಈ ಆರರಲ್ಲಿ ಮೊದಲ ಗೆಲುವು ಅದಕ್ಕೂ ಹಿಂದಿನದು. ಸುರಪುರದಂಥ ಸಂಸ್ಥಾನಗಳ ಹಳೆಯ ಪ್ರಭಾವ, ಹಳ್ಳಿಹಳ್ಳಿಗಳಲ್ಲಿ ಸಮುದಾಯದ ಸಂಖ್ಯಾಬಲ, ಅರಕೇರಾದಂಥ ಊರುಗಳಿಂದ ಬೆಳೆದ ಹೊಸ ನಾಯಕತ್ವ ಇವು ಮೂರೂ ಮೀಸಲಾತಿಗೆ ಮುಂಚೆಯೇ ಕೆಲಸ ಮಾಡಿದ್ದವು. ನಾಲ್ಕು ಸಲ ಗೆದ್ದ ವೆಂಕಟೇಶ ನಾಯಕ ಈ ಕ್ಷೇತ್ರದ ಅತಿ ದೀರ್ಘಕಾಲದ ಸಂಸದರು.

2008ರ ಕ್ಷೇತ್ರ ಪುನರ್‌ವಿಂಗಡಣೆಗೆ ಮುನ್ನ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಒಂದು ಲೋಕಸಭಾ ಸ್ಥಾನವೂ ಇರಲಿಲ್ಲ. ಆಗ ರಾಯಚೂರು ಮತ್ತು ಬಳ್ಳಾರಿ ಮೀಸಲಾದವು. ಕಲ್ಮಲಾ ವಿಧಾನಸಭಾ ಕ್ಷೇತ್ರ ಅಳಿಯಿತು, ರಾಯಚೂರು ಗ್ರಾಮಾಂತರ ಹುಟ್ಟಿತು. ಲೋಕಸಭಾ ವ್ಯಾಪ್ತಿಯ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಮಾನ್ವಿ, ದೇವದುರ್ಗ, ಸುರಪುರ, ರಾಯಚೂರು ಗ್ರಾಮಾಂತರ ಪರಿಶಿಷ್ಟ ಪಂಗಡಕ್ಕೆ, ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲಾದವು. 2009ರಲ್ಲಿ ಬಿಜೆಪಿ ಇಲ್ಲಿ ಮೊದಲ ಬಾರಿಗೆ ಗೆದ್ದಿತು. ಅದರ ಅಭ್ಯರ್ಥಿ ಸಣ್ಣ ಫಕೀರಪ್ಪ ಬಳ್ಳಾರಿ ಕಡೆಯವರು. ಮೇಲ್ಕೋಟೆ ಅವರ ನಂತರ ಹೊರಗಿನಿಂದ ಬಂದು ಗೆದ್ದ ಉದಾಹರಣೆ.

2014ರ ಚುನಾವಣೆ ವಿವರವಾಗಿ ದಾಖಲಿಸಲು ತಕ್ಕದ್ದು. ಕಾಂಗ್ರೆಸ್ಸಿನಿಂದ ವೆಂಕಟೇಶ ನಾಯಕರ ಮಗ ಬಿ.ವಿ. ನಾಯಕ, ಬಿಜೆಪಿಯಿಂದ ಕೆ. ಶಿವನಗೌಡ ನಾಯಕ. ಇಬ್ಬರೂ ಅರಕೇರಾದವರು, ಬಂಧುಗಳು. ಶಿವನಗೌಡರು 2008ರಲ್ಲಿ ಜೆಡಿಎಸ್‌ನಿಂದ ದೇವದುರ್ಗದ ಶಾಸಕರಾಗಿ, ಅದೇ ವರ್ಷ ರಾಜೀನಾಮೆ ಕೊಟ್ಟು ಉಪಚುನಾವಣೆಯಲ್ಲಿ ಬಿಜೆಪಿಯಿಂದ ಮರಳಿ ಗೆದ್ದಿದ್ದವರು. 2013ರಲ್ಲಿ ಅದೇ ದೇವದುರ್ಗದಲ್ಲಿ ಹಿರಿಯ ವೆಂಕಟೇಶ ನಾಯಕರೆದುರು ಸೋತಿದ್ದವರು. ದೇವದುರ್ಗದ ಜಗಳ ದಿಲ್ಲಿಯ ಚುನಾವಣೆಗೆ ವಿಸ್ತರಿಸಿತ್ತು. ಬಿ.ವಿ. ನಾಯಕ 4,43,659 ಮತ, ಶಿವನಗೌಡ 4,42,160 ಮತ ಪಡೆದರು. ಅಂತರ 1,499. ಆ ಸಲ ಕರ್ನಾಟಕದಲ್ಲೇ ಅತಿ ಕಡಿಮೆ ಅಂತರದ ಗೆಲುವು ಇದು. ದೇಶವೆಲ್ಲ ಮೋದಿ ಅಲೆಯ ಮಾತಾಡುತ್ತಿದ್ದಾಗ ಇಲ್ಲಿ ತೀರ್ಪು ಕೊಟ್ಟದ್ದು ಒಂದು ತಾಲ್ಲೂಕಿನ ಎರಡು ಮನೆಗಳ ಬಲಾಬಲ. 2015ರ ಆಗಸ್ಟ್‌ನಲ್ಲಿ ಆಂಧ್ರದ ಪೆನುಕೊಂಡ ಬಳಿ ಬೆಂಗಳೂರು–ನಾಂದೇಡ್ ರೈಲು ಅಪಘಾತಕ್ಕೀಡಾಗಿ ವೆಂಕಟೇಶ ನಾಯಕ ತೀರಿಕೊಂಡರು. 2016ರ ಉಪಚುನಾವಣೆಯಲ್ಲಿ ದೇವದುರ್ಗ ಶಿವನಗೌಡರಿಗೆ ದಕ್ಕಿತು.

2019ರಲ್ಲಿ ಗುರುಗುಂಟಾ ಸಂಸ್ಥಾನದ ರಾಜಾ ಅಮರೇಶ್ವರ ನಾಯಕ ಬಿಜೆಪಿಯಿಂದ ನಿಂತು, ಬಿ.ವಿ. ನಾಯಕರನ್ನು 1,17,716 ಮತಗಳಿಂದ ಸೋಲಿಸಿದರು. ಬಿ.ವಿ. ನಾಯಕರು ಮುಂದೆ ಬಿಜೆಪಿ ಸೇರಿ, 2023ರಲ್ಲಿ ಮಾನ್ವಿಯಿಂದ ವಿಧಾನಸಭೆಗೆ ನಿಂತು ಕಾಂಗ್ರೆಸ್ಸಿನ ಜಿ. ಹಂಪಯ್ಯ ನಾಯಕರೆದುರು ಸೋತರು. ಪಕ್ಷಗಳ ಹೆಸರು ಹಿಡಿದು ಈ ಕ್ಷೇತ್ರವನ್ನು ಓದುವುದು ಎಷ್ಟು ಕಷ್ಟ ಎಂಬುದಕ್ಕೆ ಈ ಒಂದು ಮನೆತನದ ದಾರಿಯೇ ನಿದರ್ಶನ.

2024ರ ಮತದಾನ ನಡೆದದ್ದು ಮೇ 7ರಂದು. ಶಾಸಕ ರಾಜಾ ವೆಂಕಟಪ್ಪ ನಾಯಕ ಫೆಬ್ರುವರಿಯಲ್ಲಿ ನಿಧನರಾಗಿದ್ದರಿಂದ ಸುರಪುರದ ಮತದಾರರು ಅದೇ ದಿನ ವಿಧಾನಸಭೆಯ ಉಪಚುನಾವಣೆಗೂ ಮತ ಹಾಕಿದರು. ಅಲ್ಲಿ ಅವರ ಮಗ ರಾಜಾ ವೇಣುಗೋಪಾಲ ನಾಯಕ ಗೆದ್ದರು. ಲೋಕಸಭೆಗೆ ಕಾಂಗ್ರೆಸ್ ಸಂಸ್ಥಾನಗಳನ್ನೂ ಅರಕೇರಾವನ್ನೂ ಬಿಟ್ಟು, ಹಿಂದೆ ರಾಯಚೂರು ಜಿಲ್ಲಾಧಿಕಾರಿಯಾಗಿದ್ದ ನಿವೃತ್ತ ಐಎಎಸ್ ಅಧಿಕಾರಿ ಜಿ. ಕುಮಾರ ನಾಯಕರಿಗೆ ಟಿಕೆಟ್ ಕೊಟ್ಟಿತ್ತು. ಅವರು 6,70,966 ಮತ ಪಡೆದು ಅಮರೇಶ್ವರ ನಾಯಕರನ್ನು 79,781 ಮತಗಳಿಂದ ಸೋಲಿಸಿದರು. 2014 ಮತ್ತು 2019ರಲ್ಲಿ ಶೇ. 58ರ ಆಸುಪಾಸಿನಲ್ಲಿದ್ದ ಮತದಾನ ಈ ಸಲ ಶೇ. 64 ದಾಟಿತು.

1957ರಿಂದ 2024ರವರೆಗಿನ 17 ಚುನಾವಣೆಗಳಲ್ಲಿ ಕಾಂಗ್ರೆಸ್ 13 ಬಾರಿ, ಬಿಜೆಪಿ ಎರಡು ಬಾರಿ, ಸ್ವತಂತ್ರ ಪಕ್ಷ ಮತ್ತು ಜನತಾದಳ ತಲಾ ಒಂದು ಬಾರಿ ಗೆದ್ದಿವೆ. 2004ರ ನಂತರ ಯಾವ ಪಕ್ಷವೂ ಇಲ್ಲಿ ಸತತ ಎರಡು ಸಲ ಗೆದ್ದಿಲ್ಲ, ಯಾವ ಸಂಸದರೂ ಮರು ಆಯ್ಕೆಯಾಗಿಲ್ಲ. ಮಹಿಳೆಯರ ವಿಷಯಕ್ಕೆ ಬಂದರೆ, ವಿಧಾನಸಭೆಗೆ 2023ರಲ್ಲಿ ದೇವದುರ್ಗದಿಂದ ಜೆಡಿಎಸ್‌ನ ಕರೆಮ್ಮ ನಾಯಕ ಶಿವನಗೌಡರನ್ನು ಸೋಲಿಸಿ ಗೆದ್ದರು. ಆದರೆ ರಾಯಚೂರಿನಿಂದ ಲೋಕಸಭೆಗೆ ಹೋದ 13 ಮಂದಿಯಲ್ಲಿ ಒಬ್ಬ ಮಹಿಳೆಯೂ ಇಲ್ಲ.