ರಿಚ್ಮಂಡ್‌ನ ಸೇಂಟ್ ಪಾಲ್ಸ್ ಚರ್ಚಿನ ಲೆಂತ್ ಆಚರಣೆ

ಅಮೆರಿಕದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್‌ನಲ್ಲಿ, ಶಾಸನಸಭೆಯ ಆವರಣಕ್ಕೆ ಎದುರಾಗಿ ನಿಂತಿರುವ ಎಪಿಸ್ಕೋಪಲ್ ಪಂಥದ ಚರ್ಚು ಸೇಂಟ್ ಪಾಲ್ಸ್. ಇಲ್ಲಿನ ಭಕ್ತರ ಸಭೆ ಹುಟ್ಟಿದ್ದು 1844ರಲ್ಲಿ. ಗ್ರೀಕ್ ಮಾದರಿಯ ಕಂಬಗಳ ಕಟ್ಟಡ ಮರುವರ್ಷ ಪ್ರತಿಷ್ಠೆಯಾಯಿತು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಸಿಡಿದು ನಿಂತ ದಕ್ಷಿಣದ ಒಕ್ಕೂಟ, ಅಂದರೆ ಕಾನ್ಫೆಡರಸಿ, ರಿಚ್ಮಂಡನ್ನೇ ರಾಜಧಾನಿ ಮಾಡಿಕೊಂಡಿತ್ತು. ಅದರ ಅಧ್ಯಕ್ಷ ಜೆಫರ್ಸನ್ ಡೇವಿಸ್, ಸೇನಾನಿ ರಾಬರ್ಟ್ ಲೀ ಇಬ್ಬರೂ ಆರಾಧನೆಗೆ ಬರುತ್ತಿದ್ದುದು ಈ ಚರ್ಚಿಗೇ. ಹಾಗಾಗಿ ಇದಕ್ಕೆ ‘ಕಾನ್ಫೆಡರಸಿಯ ಕೆಥೆಡ್ರಲ್’ ಎಂಬ ಹೆಸರು ಅಂಟಿಕೊಂಡಿತು. ಅದೇ ಸಭೆ 2015ರಿಂದೀಚೆಗೆ ತನ್ನ ಪೂರ್ವಿಕರ ಪಾಪವನ್ನು ತಾನೇ ಹುಡುಕಿ, ಹೆಸರಿಟ್ಟು, ಲೆಂತ್ ಕಾಲದ ಪ್ರಾರ್ಥನೆಯೊಳಗೆ ತಂದುಕೊಂಡಿದೆ. ಆ ಪ್ರಯತ್ನವೇ ಈ ಲೇಖನದ ವಿಷಯ.

ಲೆಂತ್ ಎಂದರೆ ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ. ಬೂದಿ ಬುಧವಾರದಿಂದ ಎಣಿಸಿ, ನಡುವಿನ ಭಾನುವಾರಗಳನ್ನು ಬಿಟ್ಟರೆ 40 ದಿನ. ಕನ್ನಡ ಕಥೋಲಿಕರು ಇದನ್ನು ತಪಸ್ಸುಕಾಲ ಎನ್ನುತ್ತಾರೆ. ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯಲ್ಲಿ, ಲೆಂತ್ ಎಂಬ ಮಾತೇ ಬಳಕೆಯಲ್ಲಿದೆ. ಸಿಎಸ್‌ಐ ಮತ್ತು ಅಮೆರಿಕದ ಎಪಿಸ್ಕೋಪಲ್ ಚರ್ಚು ಎರಡೂ ಒಂದೇ ಆಂಗ್ಲಿಕನ್ ಬಳಗಕ್ಕೆ ಸೇರಿದವು. ಮಾಂಸ ಬಿಡುವುದು, ಒಪ್ಪೊತ್ತು ಉಣ್ಣುವುದು ಮಾತ್ರ ಲೆಂತ್ ಅಲ್ಲ. ಆದಿ ಸಭೆಯಲ್ಲಿ, ಘೋರ ತಪ್ಪು ಮಾಡಿ ಸಭೆಯಿಂದ ಹೊರಗುಳಿದವರು ಬಹಿರಂಗವಾಗಿ ಪಶ್ಚಾತ್ತಾಪಪಟ್ಟು ಮತ್ತೆ ಒಳಗೆ ಬರುವುದಕ್ಕೆ ಸಿದ್ಧರಾಗುತ್ತಿದ್ದ ಕಾಲವೂ ಇದೇ. ಮುರಿದ ಸಂಬಂಧವನ್ನು ಕೂಡಿಸುವ ಕೆಲಸ ಲೆಂತ್‌ಗೆ ಈಚೆಗೆ ಹೊಲಿದ ತೇಪೆಯಲ್ಲ, ಅದರ ಹುಟ್ಟಿನಲ್ಲೇ ಇದೆ. ಎಪಿಸ್ಕೋಪಲ್ ಚರ್ಚಿನ 1979ರ ಪ್ರಾರ್ಥನಾ ಪುಸ್ತಕದಲ್ಲಿ ಬೂದಿ ಬುಧವಾರಕ್ಕೆಂದೇ ಒಂದು ದೀರ್ಘ ಪಾಪನಿವೇದನೆ ಇದೆ. ಅನ್ಯಾಯದ ಮುಂದೆ ತೋರಿದ ಉದಾಸೀನ, ತಮಗಿಂತ ಬೇರೆಯಾದವರ ಬಗ್ಗೆ ಇಟ್ಟುಕೊಂಡ ತಿರಸ್ಕಾರ, ಇವನ್ನು ಸಭೆಯವರೆಲ್ಲ ಸೇರಿ ಒಟ್ಟಾಗಿ ಒಪ್ಪಿಕೊಳ್ಳಬೇಕು.

ಸೇಂಟ್ ಪಾಲ್ಸ್‌ನ ಚರಿತ್ರೆಗೆ 1865ರ ಲೆಂತ್‌ನಷ್ಟು ಭಾರವಾದದ್ದು ಬೇರೊಂದಿಲ್ಲ. ಆ ವರ್ಷದ ಏಪ್ರಿಲ್ 2, ಲೆಂತ್‌ನ ಐದನೆಯ ಭಾನುವಾರ. ಜರ್ಮನಿಯಲ್ಲಿ ಹುಟ್ಟಿದ ಸಭಾಪಾಲಕ ಚಾರ್ಲ್ಸ್ ಮಿನ್ನಿಗರೋಡ ಆರಾಧನೆ ನಡೆಸುತ್ತಿದ್ದರು. ಡೇವಿಸ್ ತಮ್ಮ ಮಾಮೂಲಿ ಬೆಂಚಿನಲ್ಲಿ ಕುಳಿತಿದ್ದಾಗ ಒಂದು ಚೀಟಿ ಬಂತು: ಪೀಟರ್ಸ್‌ಬರ್ಗ್‌ನಲ್ಲಿ ಲೀಯ ಸೇನೆಯ ಸಾಲು ಮುರಿದಿದೆ, ರಾಜಧಾನಿಯನ್ನು ತೆರವು ಮಾಡಬೇಕು. ಅವರು ಎದ್ದು ಹೊರನಡೆದರು. ಅದೇ ರಾತ್ರಿ ಸರ್ಕಾರ ಊರು ಬಿಟ್ಟಿತು, ಊರಿಗೆ ಬೆಂಕಿ ಬಿತ್ತು. ಮರುದಿನ ಒಳಬಂದ ಉತ್ತರದ ಸೇನೆಯಲ್ಲಿ ಕಪ್ಪು ಸೈನಿಕರೂ ಇದ್ದರು. ಲೀ ಶರಣಾದದ್ದು ಏಪ್ರಿಲ್ 9ರ ಗರಿಗಳ ಭಾನುವಾರ. ಅಮೆರಿಕದ ಅಧ್ಯಕ್ಷ ಲಿಂಕನ್‌ಗೆ ಗುಂಡು ತಾಗಿದ್ದು 14ರ ಶುಭ ಶುಕ್ರವಾರ.

ಆ ಸಭೆಯ ಸಿರಿವಂತಿಕೆ ಎಲ್ಲಿಂದ ಬಂತು ಎಂಬುದನ್ನು ಮರೆಯುವಂತಿಲ್ಲ. ನ್ಯೂ ಆರ್ಲಿಯನ್ಸ್ ಬಿಟ್ಟರೆ ದೇಶದಲ್ಲಿ ಮನುಷ್ಯರನ್ನು ಮಾರುವ ದೊಡ್ಡ ಪೇಟೆ ಇದ್ದದ್ದು ರಿಚ್ಮಂಡ್‌ನಲ್ಲಿ, ಶಾಕೋ ಬಾಟಮ್ ಎಂಬ ತಗ್ಗಿನ ಪ್ರದೇಶದಲ್ಲಿ. ಚರ್ಚಿನಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ಬೆಂಚುಗಳಲ್ಲಿ ಕೂರುತ್ತಿದ್ದ ಅನೇಕರು ಗುಲಾಮರ ದುಡಿಮೆಯಿಂದ ಬದುಕಿದವರು.

ಯುದ್ಧ ಮುಗಿದ ಮೇಲೆ ನಡೆಯಿತೆನ್ನಲಾದ ಒಂದು ಪ್ರಸಂಗವನ್ನು ಇಲ್ಲಿ ತುಸು ನಿಂತು ನೋಡಬೇಕು. 1865ರ ಜೂನ್‌ನ ಒಂದು ಭಾನುವಾರ, ರೊಟ್ಟಿ-ದ್ರಾಕ್ಷಾರಸ ಸ್ವೀಕರಿಸಲು ಕರೆ ಬಂದಾಗ ಎಲ್ಲರಿಗಿಂತ ಮೊದಲು ಒಬ್ಬ ಕಪ್ಪು ಮನುಷ್ಯ ಎದ್ದು, ಬಲಿಪೀಠದ ಮುಂದಿನ ಕಟಕಟೆಗೆ ಹೋಗಿ ಮೊಣಕಾಲೂರಿದನಂತೆ. ಬಿಳಿಯರು ಯಾರೂ ಕದಲಲಿಲ್ಲ. ಆಗ ಲೀ ಎದ್ದು ಹೋಗಿ ಅವನಿಂದ ಅಷ್ಟೇನೂ ದೂರವಲ್ಲದ ಜಾಗದಲ್ಲಿ ಮೊಣಕಾಲೂರಿದರಂತೆ, ಉಳಿದವರು ಹಿಂಬಾಲಿಸಿದರಂತೆ. ಇಪ್ಪತ್ತನೆಯ ಶತಮಾನದ ಉದ್ದಕ್ಕೂ ಇದನ್ನು ಜನಾಂಗೀಯ ಸಮಾಧಾನದ ಸುಂದರ ದೃಷ್ಟಾಂತವಾಗಿ ಉಪದೇಶಗಳಲ್ಲಿ ಹೇಳುತ್ತ ಬಂದರು. ಆದರೆ ಇದು ಅಚ್ಚಾದದ್ದು 40 ವರ್ಷ ಕಳೆದ ಮೇಲೆ, 1905ರಲ್ಲಿ, ಕಾನ್ಫೆಡರಸಿಯ ಒಬ್ಬ ಮಾಜಿ ಅಧಿಕಾರಿಯ ನೆನಪಿನಿಂದ. ಆತ ಹೇಳಿದ ಅರ್ಥವೇ ಬೇರೆ: ಕಪ್ಪು ಮನುಷ್ಯ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಲೀ ನಡೆದುಕೊಂಡರು, ಅದೇ ಅವರ ದೊಡ್ಡಸ್ತಿಕೆ ಎಂದು ಆತ ಮೆಚ್ಚಿ ಬರೆದಿದ್ದ. ಘಟನೆ ನಡೆದದ್ದೇ ಹೌದೇ ಎಂಬ ಬಗ್ಗೆ ಇತಿಹಾಸಕಾರರಿಗೆ ಸಂಶಯವಿದೆ. ನನಗೆ ಹೆಚ್ಚು ಚುಚ್ಚುವುದು ಮತ್ತೊಂದು: ಈ ಕಥೆಯನ್ನು ಯಾವ ರೀತಿಯಲ್ಲಿ ಹೇಳಿದರೂ ಮೊದಲು ಎದ್ದು ನಡೆದವನಿಗೆ ಹೆಸರಿಲ್ಲ.

ಚರ್ಚಿನ ಗೋಡೆಗಳೂ ಇಂಥದೇ ಕಥೆ ಹೇಳುತ್ತಿದ್ದವು. 1890ರ ದಶಕದಲ್ಲಿ ಲೀ ಮತ್ತು ಡೇವಿಸ್ ನೆನಪಿಗೆ ಬಣ್ಣದ ಗಾಜಿನ ಕಿಟಕಿಗಳನ್ನು ಕೂರಿಸಿದರು. ಲೀಗಾಗಿ ಆರಿಸಿದ್ದು ಫರೋಹನ ಅರಮನೆ ತೊರೆಯುವ ಮೋಶೆಯ ಚಿತ್ರ. ಡೇವಿಸ್‌ಗಾಗಿ, ಬಂಧಿಯಾಗಿ ಅಗ್ರಿಪ್ಪನ ಮುಂದೆ ನಿಂತ ಪೌಲನದು. ಗುಲಾಮರನ್ನು ಬಿಡಿಸಿದ ಮೋಶೆಯನ್ನೇ ಗುಲಾಮಗಿರಿಯ ಪರ ಕಾದಾಡಿದ ಸೇನಾನಿಗೆ ಹೋಲಿಸಿದ್ದನ್ನು ಮೂರು ನಾಲ್ಕು ತಲೆಮಾರಿನ ಭಕ್ತರು ಕಣ್ಣೆದುರೇ ಇಟ್ಟುಕೊಂಡು ಪ್ರಾರ್ಥಿಸಿದರು. ಮೊಣಕಾಲೂರಲು ಇಟ್ಟ ದಿಂಬುಗಳ ಕಸೂತಿಯಲ್ಲಿ ಕೂಡ ಕಾನ್ಫೆಡರಸಿಯ ಬಾವುಟವಿತ್ತು. ಪಾಪ ಒಪ್ಪಿಕೊಳ್ಳಲು ಬಾಗಿದ ಮೊಣಕಾಲು ಊರುತ್ತಿದ್ದುದು ಆ ಬಾವುಟದ ಮೇಲೆ.

2015ರ ಜೂನ್ 17ರಂದು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನ ಇಮ್ಯಾನ್ಯುಯಲ್ ಚರ್ಚಿನಲ್ಲಿ, ಬೈಬಲ್ ಅಧ್ಯಯನಕ್ಕೆ ಕುಳಿತಿದ್ದ ಒಂಬತ್ತು ಕಪ್ಪು ಭಕ್ತರನ್ನು ಬಿಳಿಯ ಯುವಕನೊಬ್ಬ ಗುಂಡಿಟ್ಟು ಕೊಂದ. ಅವನು ಕಾನ್ಫೆಡರಸಿಯ ಬಾವುಟ ಹಿಡಿದು ತೆಗೆಸಿಕೊಂಡ ಫೋಟೊಗಳು ಹೊರಬಿದ್ದ ಮೇಲೆ ಸೇಂಟ್ ಪಾಲ್ಸ್ ತನ್ನ ಗೋಡೆಗಳನ್ನು ಹೊಸ ಕಣ್ಣಿನಿಂದ ನೋಡಿತು. ಮಾತುಕತೆ, ಮನಸ್ತಾಪ, ಮತ್ತೆ ಮಾತುಕತೆ. ಆ ವರ್ಷವೇ ಆಡಳಿತ ಸಮಿತಿ ಬಾವುಟದ ಚಿತ್ರಗಳನ್ನೂ ದಿಂಬುಗಳನ್ನೂ ತೆಗೆಯಲು ತೀರ್ಮಾನಿಸಿತು. ಚರಿತ್ರೆಯನ್ನು ಅಗೆದು ನೋಡಲು ‘ಇತಿಹಾಸ ಮತ್ತು ಸಮನ್ವಯ’ ಎಂಬ ಕಾರ್ಯತಂಡ ಹುಟ್ಟಿತು. ಈ ಶೋಧದಲ್ಲಿ ಕೈಜೋಡಿಸಿದ ಇತಿಹಾಸಕಾರ ಕ್ರಿಸ್ಟೋಫರ್ ಅಲನ್ ಗ್ರಹಾಂ ಬರೆದ ಸಭೆಯ ಚರಿತ್ರೆ 2023ರಲ್ಲಿ ಪುಸ್ತಕವಾಗಿ ಬಂತು.

ಈ ಶೋಧ ಅಧ್ಯಯನವಾಗಿಯೇ ಉಳಿಯದೆ ಆರಾಧನೆಯೊಳಗೆ ಬಂದದ್ದು ದೊಡ್ಡದು. ಲೆಂತ್‌ನಲ್ಲಿ ಕ್ರೈಸ್ತರು ಶಿಲುಬೆ ಹಾದಿ ನಡೆಯುತ್ತಾರೆ: ಯೇಸು ತೀರ್ಪಿಗೆ ಗುರಿಯಾದಲ್ಲಿಂದ ಸಮಾಧಿಯವರೆಗಿನ ಒಂದೊಂದು ಘಟ್ಟದಲ್ಲೂ ನಿಂತು ಧ್ಯಾನಿಸುವುದು ಅದರ ಕ್ರಮ. ಅದೇ ಮಾದರಿಯಲ್ಲಿ ಸೇಂಟ್ ಪಾಲ್ಸ್ ತನ್ನ ಜನಾಂಗೀಯ ಚರಿತ್ರೆಯ ಘಟ್ಟಗಳನ್ನು ಜೋಡಿಸಿ ‘ಸೇಂಟ್ ಪಾಲ್ಸ್‌ನ ಹಾದಿ’ ಎನ್ನಬಹುದಾದ ಪ್ರಾರ್ಥನಾಕ್ರಮವೊಂದನ್ನು ರೂಪಿಸಿಕೊಂಡಿತು. ಹೀಗೆ ನಡೆಯುವಾಗ ತಪ್ಪು ಪುಸ್ತಕದ ಪುಟದಲ್ಲಿ ಉಳಿಯುವುದಿಲ್ಲ, ಕಾಲಿಗೆ ತಾಗುತ್ತದೆ.

ಇದು ಒಂದೇ ಸಭೆಯ ಕೆಲಸವೂ ಅಲ್ಲ. ಗುಲಾಮಗಿರಿಯಲ್ಲಿ ತನ್ನ ಪಾಲಿತ್ತೆಂದು ಎಪಿಸ್ಕೋಪಲ್ ಚರ್ಚಿನ ಮಹಾಸಭೆ 2006ರಲ್ಲಿ ಒಪ್ಪಿ ಕ್ಷಮೆ ಕೋರಿತು. 2008ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದ ಸೇಂಟ್ ಥಾಮಸ್ ಆಫ್ರಿಕನ್ ಎಪಿಸ್ಕೋಪಲ್ ಚರ್ಚಿನಲ್ಲಿ ಪಶ್ಚಾತ್ತಾಪದ ಆರಾಧನೆ ನಡೆಯಿತು. ‘ಸೇಕ್ರೆಡ್ ಗ್ರೌಂಡ್’ ಎಂಬ ಅಧ್ಯಯನ ಸರಣಿಯಲ್ಲಿ ಸಭೆಯವರು ಸಣ್ಣ ಗುಂಪುಗಳಲ್ಲಿ ಕುಳಿತು ಸಾಕ್ಷ್ಯಚಿತ್ರ ನೋಡುತ್ತಾರೆ, ಓದುತ್ತಾರೆ, ತಮ್ಮ ಮನೆತನದ ಕಥೆ ಹೇಳಿಕೊಳ್ಳುತ್ತಾರೆ. ಅದನ್ನು ರೂಪಿಸಿದ ಕತ್ರೀನಾ ಬ್ರೌನ್ ಗುಲಾಮರ ವ್ಯಾಪಾರ ಮಾಡಿದ ರೋಡ್ ಐಲೆಂಡ್‌ನ ಡಿವುಲ್ಫ್ ಮನೆತನದ ಕುಡಿ. ಆ ಮನೆತನದ ಬಗ್ಗೆ ಚಲನಚಿತ್ರವನ್ನೂ ಮಾಡಿದವರು.

‘ಸಮನ್ವಯ’ ಎಂಬ ಮಾತಿನ ಬಗ್ಗೆಯೇ ತಕರಾರು ಇದೆ. ಲೇಖಕಿ ಜೆನಿಫರ್ ಹಾರ್ವೆ 2014ರ ತಮ್ಮ ಪುಸ್ತಕದಲ್ಲಿ, ಕಸಿದುಕೊಂಡದ್ದನ್ನು ತುಂಬಿಕೊಡುವ ಮಾತೆತ್ತದೆ ಬಿಳಿಯ ಕ್ರೈಸ್ತರು ಸ್ನೇಹವನ್ನಷ್ಟೇ ಬಯಸುವುದನ್ನು ಪ್ರಶ್ನಿಸುತ್ತಾರೆ. ಕನ್ನಡ ಬೈಬಲಿನಲ್ಲಿ ಇದಕ್ಕೆ ಬಳಸುವ ‘ಸಮಾಧಾನ’ ಎಂಬ ಮಾತಿನಲ್ಲೂ ಇದೇ ತೊಡಕು ಅಡಗಿದೆ. ಅಳುವ ಮಗುವನ್ನು ಸುಮ್ಮನಿರಿಸುವುದೂ ನಮಗೆ ಸಮಾಧಾನ ಮಾಡುವುದೇ. ನೊಂದವರನ್ನು ಸುಮ್ಮನಾಗಿಸುವ ಸಮಾಧಾನ ರಿಚ್ಮಂಡ್‌ನಲ್ಲಿ ನೂರೈವತ್ತು ವರ್ಷ ನಡೆದಿತ್ತು. ಕಸಿದುಕೊಂಡದ್ದನ್ನು ತುಂಬಿಕೊಡುವ ಯತ್ನಗಳೂ ಎಪಿಸ್ಕೋಪಲ್ ಬಳಗದಲ್ಲಿ ನಡೆದಿವೆ. 2019ರಲ್ಲಿ ವರ್ಜೀನಿಯಾ ಥಿಯಾಲಾಜಿಕಲ್ ಸೆಮಿನರಿ ಪರಿಹಾರಕ್ಕಾಗಿ 17 ಲಕ್ಷ ಡಾಲರ್ ನಿಧಿ ತೆಗೆದಿಟ್ಟಿತು. ಮರುವರ್ಷ ಮೇರಿಲ್ಯಾಂಡ್ ಧರ್ಮಪ್ರಾಂತ್ಯ 10 ಲಕ್ಷ ಡಾಲರ್‌ನ ಮೂಲನಿಧಿಗೆ ಒಪ್ಪಿಗೆ ಕೊಟ್ಟಿತು.

2020ರಲ್ಲಿ ಸೇಂಟ್ ಪಾಲ್ಸ್‌ನಲ್ಲಿ ಇನ್ನೂ ಉಳಿದಿದ್ದ ಕಾನ್ಫೆಡರಸಿಯ ಸ್ಮಾರಕ ಫಲಕಗಳನ್ನು ತೆಗೆಯುವ ಸರದಿ ಬಂತು. ಚರ್ಚಿನ ಹೊರಗೂ ಅದೇ ಆಯಿತು: ರಿಚ್ಮಂಡ್‌ನ ಮಾನ್ಯುಮೆಂಟ್ ಅವೆನ್ಯೂದಲ್ಲಿದ್ದ ಲೀಯ ಬೃಹತ್ ಪ್ರತಿಮೆಯನ್ನು 2021ರ ಸೆಪ್ಟೆಂಬರ್ 8ರಂದು ಕೆಳಗಿಳಿಸಲಾಯಿತು.