ಲೈಕಾ ಕುರಿತು ನಾನು ಮಾಡಿದ ತಪ್ಪು ಪಾಠ



ಮಳೆಯಿಂದಾಗಿ ಆಟದ ಪೀರಿಯಡ್ ರದ್ದಾದಾಗಲೆಲ್ಲ ನೀವು "ಸಾರ್, ಕಥೆ ಹೇಳಿ ಸಾರ್" ಎಂದು ದುಂಬಾಲು ಬೀಳುತ್ತಿದ್ದುದು ನಿಮಗೆ ನೆನಪಿರಬಹುದು. ಆಗೆಲ್ಲ ನಾನು ಹೆಚ್ಚಾಗಿ ಹೇಳುತ್ತಿದ್ದುದು ಬಾಹ್ಯಾಕಾಶ ಯಾನದ ಕಥೆಗಳನ್ನು. ಅವುಗಳಲ್ಲಿ ಒಂದನ್ನು ತಪ್ಪಾಗಿ ಹೇಳಿದ್ದೇನೆ. 2002ಕ್ಕೆ ಮುಂಚೆ ನನ್ನ ತರಗತಿಯಲ್ಲಿ ಕುಳಿತವರು ಇದನ್ನು ಅಗತ್ಯವಾಗಿ ಓದಬೇಕೆಂದು ಕೋರುತ್ತೇನೆ.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್-1 ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 58 ಸೆಂಟಿಮೀಟರ್ ವ್ಯಾಸ, 83.6 ಕಿಲೋಗ್ರಾಂ ತೂಕದ ಆ ಲೋಹದ ಗೋಳವು ಸುಮಾರು 96 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತ ಜಗತ್ತನ್ನೇ ಬೆರಗುಗೊಳಿಸಿತು. ಈ ಯಶಸ್ಸಿನ ರುಚಿ ಹತ್ತಿದ ಕ್ರುಶ್ಚೇವ್, ನವೆಂಬರ್ 7ರಂದು ಬರಲಿದ್ದ ಕ್ರಾಂತಿಯ ನಲವತ್ತನೆಯ ವಾರ್ಷಿಕೋತ್ಸವದ ವೇಳೆಗೆ ಇನ್ನೊಂದು ಅಚ್ಚರಿಯನ್ನು ಬಯಸಿದರು. ಮುಖ್ಯ ವಿನ್ಯಾಸಕ ಸೆರ್ಗೆಯ್ ಕೊರೊಲ್ಯೋವ್ ಅವರ ತಂಡಕ್ಕೆ ಉಳಿದಿದ್ದುದು ಒಂದು ತಿಂಗಳಿಗಿಂತಲೂ ಕಡಿಮೆ ಕಾಲ. (ಈ ಮಹನೀಯರ ಹೆಸರು ಕೂಡ 1966ರ ಜನವರಿಯಲ್ಲಿ ಅವರು ತೀರಿಕೊಳ್ಳುವವರೆಗೆ ಜಗತ್ತಿಗೆ ತಿಳಿಯದಂತೆ ಮುಚ್ಚಿಡಲಾಗಿತ್ತು.) ಕಕ್ಷೆಗೆ ಹೋದದ್ದನ್ನು ಸುರಕ್ಷಿತವಾಗಿ ಕೆಳಗಿಳಿಸುವ ವಿದ್ಯೆ ಆಗ ಯಾರಿಗೂ ಸಿದ್ಧಿಸಿರಲಿಲ್ಲ. ಆದ್ದರಿಂದ ಸ್ಪುಟ್ನಿಕ್-2ರಲ್ಲಿ ಹೋಗುವ ಪ್ರಾಣಿ ಮರಳಿ ಬರುವುದಿಲ್ಲವೆಂಬುದು ನೀಲನಕ್ಷೆ ಬರೆಯುವಾಗಲೇ ನಿಶ್ಚಯವಾಗಿತ್ತು.

ಆಯ್ಕೆಯಾದದ್ದು ಮಾಸ್ಕೋ ನಗರದ ಒಂದು ಬೀದಿನಾಯಿ. ಚಳಿ, ಹಸಿವು ಎರಡನ್ನೂ ತಾಳಿಕೊಂಡು ಬೆಳೆದ ಪ್ರಾಣಿಯೇ ಇಂಥ ಕೆಲಸಕ್ಕೆ ಸೂಕ್ತವೆಂಬುದು ವಿಜ್ಞಾನಿಗಳ ಎಣಿಕೆ. ಲೈಕಾ ಎಂದರೆ ಬೊಗಳುವವಳು ಎಂದರ್ಥ. ಹೊರಡುವ ಮುನ್ನ ವ್ಲಾದಿಮಿರ್ ಯಾಜ್ದೋವ್‌ಸ್ಕಿ ಎಂಬ ವೈದ್ಯ ವಿಜ್ಞಾನಿ ಅದನ್ನು ತಮ್ಮ ಮನೆಗೆ ಕರೆದೊಯ್ದು ಮಕ್ಕಳೊಡನೆ ಆಡಲು ಬಿಟ್ಟಿದ್ದರಂತೆ. ಉಡಾವಣೆಗೆ ಮೂರು ದಿನ ಮುಂಚೆಯೇ ಅದನ್ನು ಕೋಶದಲ್ಲಿ ಕೂರಿಸಿ ಪಟ್ಟಿಗಳಿಂದ ಬಿಗಿಯಲಾಯಿತು. ನಿಲ್ಲಬಹುದಿತ್ತು, ಮಲಗಬಹುದಿತ್ತು, ಹಿಂದಕ್ಕೆ ತಿರುಗಲು ಆಗುತ್ತಿರಲಿಲ್ಲ. ಹೊರಗೆ ಕೊರೆಯುವ ಚಳಿಯಿದ್ದುದರಿಂದ ಕೊಳವೆಯ ಮೂಲಕ ಬೆಚ್ಚನೆಯ ಗಾಳಿಯನ್ನು ಒಳಕ್ಕೆ ಹಾಯಿಸುತ್ತಿದ್ದರು. ನವೆಂಬರ್ 3ರಂದು ರಾಕೆಟ್ ಮೇಲೇರಿತು.

ಇಲ್ಲಿಂದ ಮುಂದಿನದೇ ನಾನು ತಪ್ಪಿದ ಭಾಗ. ಲೈಕಾ ಸುಮಾರು ಒಂದು ವಾರ ಬದುಕಿತ್ತು, ಆಮ್ಲಜನಕ ಮುಗಿಯುವ ಹೊತ್ತಿಗೆ ನೋವಿಲ್ಲದೆ ಚಿರನಿದ್ರೆಗೆ ಜಾರಿತು ಎಂದು ನಿಮಗೆ ಹೇಳುತ್ತಿದ್ದೆ. ನಾನು ಓದಿದ್ದುದೂ ಹಾಗೆಯೇ. ಸೋವಿಯತ್ ಪತ್ರಿಕೆಗಳ ನುಣುಪು ಹಾಳೆಗಳಿಂದ ನೋಟ್‌ಪುಸ್ತಕಗಳಿಗೆ ಬೈಂಡು ಹಾಕಿಕೊಂಡು ಬೆಳೆದ ತಲೆಮಾರು ನಮ್ಮದು. ಅಂಥ ಅಂದವಾದ ಕಾಗದದಲ್ಲಿ ಸುಳ್ಳು ಅಚ್ಚಾಗಬಹುದೆಂಬ ಅನುಮಾನ ನಮಗೆ ಬರಲಿಲ್ಲ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅದಕ್ಕೆ ನೋವಾಗಲಿಲ್ಲವಾ ಸಾರ್?" ಎಂದು ಕೇಳಿದಳು. "ಇಲ್ಲಮ್ಮ, ನಿದ್ದೆಯಲ್ಲೇ ಹೋಯಿತು" ಎಂದೆ. ಸಮಾಧಾನಗೊಂಡು ಕುಳಿತಳು.

2002ರ ಅಕ್ಟೋಬರ್‌ನಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ನಡೆದ ಬಾಹ್ಯಾಕಾಶ ಸಮ್ಮೇಳನದಲ್ಲಿ ರಷ್ಯಾದ ವಿಜ್ಞಾನಿ ದಿಮಿತ್ರಿ ಮಲಾಷೆಂಕೋವ್ ನಿಜ ಸಂಗತಿಯನ್ನು ಹೊರಗೆಡವಿದರು. ಮೇಲೇರುವಾಗ ಲೈಕಾದ ನಾಡಿಬಡಿತ ಮೂರು ಪಟ್ಟು ಹೆಚ್ಚಿತ್ತು; ಅದು ಸಹಜ ಸ್ಥಿತಿಗೆ ಇಳಿಯಲು ಮೂರು ಗಂಟೆ ಹಿಡಿಯಿತು. ಉಷ್ಣ ನಿಯಂತ್ರಣ ವ್ಯವಸ್ಥೆ ಕೈಕೊಟ್ಟು ಕೋಶದೊಳಗಿನ ತಾಪಮಾನ 40 ಡಿಗ್ರಿಗೆ ಏರಿತು. ಉಡಾವಣೆಯಾದ ಐದರಿಂದ ಏಳು ಗಂಟೆಗಳ ಬಳಿಕ ಜೀವದ ಯಾವ ಸಂಕೇತವೂ ಭೂಮಿಗೆ ಬರಲಿಲ್ಲ. ಲೈಕಾದ ಕಳೇಬರವನ್ನು ಹೊತ್ತ ಆ ನೌಕೆ 1958ರ ಏಪ್ರಿಲ್ 14ರವರೆಗೆ ಸುಮಾರು 2,570 ಬಾರಿ ಭೂಮಿಯನ್ನು ಸುತ್ತಿ, ಬಳಿಕ ವಾತಾವರಣದಲ್ಲಿ ಉರಿದುಹೋಯಿತು. ಪತ್ರಿಕೆಯಲ್ಲಿ ಈ ಸುದ್ದಿ ಓದಿದ ದಿನ ನನಗೆ ಆ ಹಿಂದಿನ ಬೆಂಚಿನ ಹುಡುಗಿ ನೆನಪಾದಳು. ಆಕೆ ಶಾಲೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಮುಚ್ಚಿಟ್ಟ ಸಂಗತಿ ಇದೊಂದೇ ಅಲ್ಲ. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ 108 ನಿಮಿಷಗಳ ಯಾನ ಮುಗಿಸಿ ನೌಕೆಯೊಳಗೇ ಕುಳಿತು ಇಳಿದರೆಂದು ಬಹುಕಾಲ ಹೇಳಲಾಗುತ್ತಿತ್ತು. ವಾಸ್ತವದಲ್ಲಿ ಅವರು ಸುಮಾರು ಏಳು ಕಿಲೋಮೀಟರ್ ಎತ್ತರದಲ್ಲಿ ನೌಕೆಯಿಂದ ಹೊರಚಿಮ್ಮಿ, ಪ್ರತ್ಯೇಕ ಪ್ಯಾರಾಚೂಟಿನಲ್ಲಿ ಇಳಿದಿದ್ದರು. ಚಾಲಕ ವಾಹನದೊಡನೆಯೇ ಇಳಿದರೆ ಮಾತ್ರ ದಾಖಲೆ ಎಂಬ ಅಂತಾರಾಷ್ಟ್ರೀಯ ನಿಯಮಕ್ಕೆ ಹೆದರಿ ಈ ಸುಳ್ಳು. ಅದರಿಂದ ಗಗಾರಿನ್ ಸಾಹಸ ಎಳ್ಳಷ್ಟೂ ಕುಂದುವುದಿಲ್ಲ, ಆ ಮಾತು ಬೇರೆ.

ನನ್ನನ್ನು ಹೆಚ್ಚು ಕಾಡುವುದು ವ್ಯಾಲೆಂಟಿನ್ ಬೊಂದರೆಂಕೊ ಎಂಬ ಇಪ್ಪತ್ನಾಲ್ಕರ ತರುಣನ ಕಥೆ. ಗಗಾರಿನ್ ಹಾರುವುದಕ್ಕೆ ಮೂರು ವಾರ ಮುಂಚೆ, ಮಾರ್ಚ್ 23ರಂದು, ಆಮ್ಲಜನಕ ತುಂಬಿದ್ದ ತರಬೇತಿ ಕೊಠಡಿಯಲ್ಲಿ ಆತ ಮೈ ಒರೆಸಿಕೊಂಡ ಸ್ಪಿರಿಟ್ ಹತ್ತಿಯನ್ನು ಎಸೆದಾಗ ಅದು ಬಿಸಿ ಒಲೆಯ ಮೇಲೆ ಬಿತ್ತು. ಕ್ಷಣಾರ್ಧದಲ್ಲಿ ಕೊಠಡಿಯೆಲ್ಲ ಬೆಂಕಿ; ಕೆಲವೇ ಗಂಟೆಗಳಲ್ಲಿ ಆತ ತೀರಿಕೊಂಡ. ಜಗತ್ತಿಗೆ ಇದು ತಿಳಿದದ್ದು 1986ರಲ್ಲಿ. ಅಷ್ಟರಲ್ಲಿ, 1967ರ ಜನವರಿ 27ರಂದು, ಅಮೆರಿಕದ ಅಪೋಲೋ-1ರ ಮೂವರು ಯಾತ್ರಿಗಳು ಶುದ್ಧ ಆಮ್ಲಜನಕ ತುಂಬಿದ ಕೋಶದಲ್ಲಿ ಅಂಥದೇ ಬೆಂಕಿಗೆ ಬಲಿಯಾಗಿದ್ದರು. ಮೊದಲ ಅವಘಡದ ಸುದ್ದಿ ಆಗಲೇ ಹೊರಬಂದಿದ್ದರೆ ಅವರು ಎಚ್ಚೆತ್ತುಕೊಳ್ಳುತ್ತಿದ್ದರೋ ಇಲ್ಲವೋ, ಯಾರೂ ಹೇಳಲಾರರು. ಎಚ್ಚೆತ್ತುಕೊಳ್ಳುವ ಅವಕಾಶವನ್ನಾದರೂ ಕೊಡಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ. ಅಮೆರಿಕದವರೂ ಸತ್ಯಹರಿಶ್ಚಂದ್ರರಲ್ಲ, ಆದರೆ 1957ರ ಡಿಸೆಂಬರ್ 6ರಂದು ಅವರ ವ್ಯಾನ್‌ಗಾರ್ಡ್ ರಾಕೆಟ್ ನೆಲದಿಂದ ಒಂದಿಷ್ಟು ಏಳುವಷ್ಟರಲ್ಲೇ ಸಿಡಿದುಬಿದ್ದಾಗ ಆ ಅವಮಾನವನ್ನು ಟೆಲಿವಿಷನ್‌ನಲ್ಲಿ ಇಡೀ ದೇಶವೇ ನೋಡಿತ್ತು.

ಲೈಕಾಗೆ ತರಬೇತಿ ನೀಡಿದವರಲ್ಲಿ ಒಬ್ಬರಾದ ಒಲೆಗ್ ಗಜೆಂಕೊ ಮುಪ್ಪಿನಲ್ಲಿ, 1998ರಲ್ಲಿ, ತಾವು ಹಾಗೆ ಮಾಡಬಾರದಿತ್ತೆಂದು ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಒಂದು ನಾಯಿಯ ಸಾವನ್ನು ಸಮರ್ಥಿಸುವಷ್ಟು ಜ್ಞಾನವೇನೂ ಆ ಯಾನದಿಂದ ದೊರೆಯಲಿಲ್ಲ ಎಂದರು. 1960ರ ಆಗಸ್ಟ್‌ನಲ್ಲಿ ಬೆಲ್ಕಾ ಮತ್ತು ಸ್ತ್ರೆಲ್ಕಾ ಎಂಬ ಎರಡು ನಾಯಿಗಳು ಕಕ್ಷೆಗೆ ಹೋಗಿ ಜೀವಂತವಾಗಿ ಮರಳಿದ್ದವು. ಮೂರು ವರ್ಷ ಕಾಯುವ ತಾಳ್ಮೆ ಇದ್ದಿದ್ದರೆ ಲೈಕಾ ಕೂಡ ಮರಳುತ್ತಿತ್ತೇನೋ.

ನಿಮ್ಮಲ್ಲಿ ಕೆಲವರು ಈಗ ನನ್ನಂತೆಯೇ ಮೇಷ್ಟ್ರಾಗಿದ್ದೀರಿ. ನನ್ನ ಪಾಠದ ಟಿಪ್ಪಣಿಯನ್ನೇ ಇಟ್ಟುಕೊಂಡು ಹೇಳಿಕೊಡುತ್ತಿರುವುದಾಗಿ ಒಬ್ಬಿಬ್ಬರು ಅಭಿಮಾನದಿಂದ ಪತ್ರವನ್ನೂ ಬರೆದಿದ್ದೀರಿ. ಅದರಲ್ಲಿ 'ಒಂದು ವಾರ' ಎಂದಿರುವಲ್ಲಿ 'ಐದರಿಂದ ಏಳು ಗಂಟೆ' ಎಂದು ದಯವಿಟ್ಟು ತಿದ್ದಿಕೊಳ್ಳಿ. 'ನೋವಿಲ್ಲದೆ' ಎಂಬ ಪದವನ್ನು ಹೊಡೆದುಹಾಕಿ.